ಅಪ್ಪನ ಹಾಲ್‌ಗೆ ಯಾವ ಸ್ಪೀಕರ್?

ಗುಂಪಿನ ಹೆಸರು: ಅಪ್ಪನಿಗೆ 75 (ಅಪ್ಪ ಇದರಲ್ಲಿ ಇಲ್ಲ)

ಅಣ್ಣ: (ಕೊಟೇಶನ್ ಫೋಟೊ)

ಅಣ್ಣ: ಎಲ್ಲರೂ ಒಮ್ಮೆ ನೋಡಿ. ಬೆಂಗಳೂರಿನ ಅಂಗಡಿಯಿಂದ ಬಂತು. ನೆಲದ ಮೇಲೆ ನಿಲ್ಲುವ ಎರಡು ದೊಡ್ಡ ಸ್ಪೀಕರ್, ನಡುವೆ ಒಂದು, ಹಿಂದೆ ಎರಡು, ತೀರಾ ಕೆಳಗಿನ ಸದ್ದಿಗೆ 12 ಇಂಚಿನ ಸಬ್‌ವೂಫರ್, ಎಲ್ಲವನ್ನೂ ನಡೆಸುವ ಎವಿ ರಿಸೀವರ್, ಕೇಬಲ್. ಎಲ್ಲ ಸೇರಿ 4 ಲಕ್ಷ 20 ಸಾವಿರ. ನಾಲ್ಕು ಜನಕ್ಕೆ ತಲಾ 1 ಲಕ್ಷ 5 ಸಾವಿರ ಬೀಳುತ್ತದೆ. ಸೋಮವಾರ ಅಡ್ವಾನ್ಸ್ ಕೊಡುತ್ತೇನೆ.

ಭಾವ: ಚೆನ್ನಾಗಿದೆ. ವಾಟ್ ಎಷ್ಟು?

ಅಣ್ಣ: ಚಾನೆಲ್‌ಗೆ 150 ಭಾವ. ಸ್ಪೀಕರ್ 40 ಕಿಲೋಹರ್ಟ್ಸ್ ತನಕ ಹೋಗುತ್ತದೆ ಅಂತ ಬರೆದಿದ್ದಾರೆ.

ಅಕ್ಕ: ನನ್ನ ಪಾಲು ರೆಡಿ. ಆದರೆ ಇಷ್ಟು ಡಬ್ಬ ಧಾರವಾಡದ ಮನೆಯ ಹಾಲ್‌ನಲ್ಲಿ ಎಲ್ಲಿ ಇಡುವುದು?

ತಮ್ಮ: ಸೆಟ್ ಒಳ್ಳೆಯದು. ರಿಸೀವರ್ ಮಾತ್ರ ಅಲ್ಲಿ ತಗೊಳ್ಳಬೇಡ ಅಣ್ಣಾ. ಇಲ್ಲಿ ಡಲ್ಲಾಸ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಡಿಸೆಂಬರ್‌ನಲ್ಲಿ ಬರುವಾಗ ತರುತ್ತೇನೆ.

ಕಾಕಾ: ಬಹಳ ಸಂತೋಷ. ನಿಮ್ಮಪ್ಪನಿಗೆ ಇಂಥದ್ದು ಯಾವತ್ತೋ ಬರಬೇಕಿತ್ತು.

ನಾನು: ಅಣ್ಣಾ, ದಯವಿಟ್ಟು ಅಡ್ವಾನ್ಸ್ ಕೊಡಬೇಡ. ಈ ಸೆಟ್ ಆ ಹಾಲ್‌ಗೂ ಅಲ್ಲ, ಅಪ್ಪನಿಗೂ ಅಲ್ಲ. ಸಂಜೆ ಕೂತು ಬರೆಯುತ್ತೇನೆ.

ಅಣ್ಣ: ಮೂರು ಅಂಗಡಿ ತಿರುಗಿ ತಂದಿದ್ದೇನೆ ತಂಗಿ. ಈಗ ಏನು ತಕರಾರು?

ನಾನು: ಮೊದಲು ಹಾಲ್ ಬಗ್ಗೆ. ಉದ್ದ 14 ಅಡಿ, ಅಗಲ 10 ಅಡಿ, ಎತ್ತರವೂ 10 ಅಡಿ. ಕೆಳಗೆ ಶಹಾಬಾದ್ ಕಲ್ಲು, ಸುತ್ತ ಬರೀ ಗೋಡೆ. ಒಂದು ಚಪ್ಪಾಳೆ ತಟ್ಟಿದರೆ ಸದ್ದು ಒಂದು ಕ್ಷಣ ಅಲ್ಲೇ ಓಡಾಡುತ್ತದೆ. ಅಲ್ಲಿ ದೊಡ್ಡ ಸ್ಪೀಕರ್ ಇಟ್ಟರೆ ಅದು ಗೋಡೆಗೆ ಆತುಕೊಂಡೇ ನಿಲ್ಲಬೇಕು. ಗೋಡೆಗೆ, ಅದರಲ್ಲೂ ಮೂಲೆಗೆ ಹತ್ತಿರವಾದಷ್ಟು ಬೇಸ್, ಅಂದರೆ ಕೆಳಗಿನ ದಪ್ಪ ಸದ್ದು, ಉಬ್ಬುತ್ತದೆ. ತಬಲಾದ ಡಗ್ಗಾ ಗುಮ್ಮೆಂದು ಎದ್ದು ಹಾಡುವವರ ಮಾತನ್ನೇ ಮುಚ್ಚಿಬಿಡುತ್ತದೆ.

ಇನ್ನೊಂದು, ಅಪ್ಪನ ಹತ್ತಿರ ಇರುವುದೆಲ್ಲ ಒಂದು ಇಲ್ಲವೇ ಎರಡು ಚಾನೆಲ್‌ನ ಧ್ವನಿಮುದ್ರಣ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ರೇಡಿಯೊದಿಂದ ಇಳಿಸಿಕೊಂಡ ಹಳೆಯ ಕ್ಯಾಸೆಟ್. ಇವಕ್ಕೆ ಹಿಂದಿನ ಎರಡು ಸ್ಪೀಕರ್ ಬೇಡ, ನಡುವಿನದೂ ಬೇಡ. ಈ ದುಡ್ಡನ್ನು ಆರು ಡಬ್ಬಕ್ಕೆ ಹಂಚಿದರೆ ಒಂದಕ್ಕೂ ಸರಿಯಾಗಿ ಸಾಲುವುದಿಲ್ಲ. ಎರಡಕ್ಕೇ ಹಾಕಿದರೆ ನಿಜವಾಗಿ ಉತ್ತಮ ದರ್ಜೆಯದೇ ಬರುತ್ತದೆ.

ಅಕ್ಕನ ಮಗ: ಮೌಶಿ, ನಾನು ಲೆಕ್ಕ ಹಾಕಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಎರಡು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ಯಾವ ಸ್ವರಕ್ಕೆ ಅನುರಣಿಸುತ್ತದೆ ಅಂತ ಗೊತ್ತಾಗುತ್ತದೆ. 14 ಅಡಿಗೆ 40 ಹರ್ಟ್ಸ್ (ಸೆಕೆಂಡಿಗೆ 40 ಕಂಪನ), 10 ಅಡಿಗೆ 56. ಅಗಲವೂ ಎತ್ತರವೂ ಒಂದೇ ಆಗಿರುವುದರಿಂದ 56ರ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಅದರ ದುಪ್ಪಟ್ಟು 112ರಲ್ಲೂ ಹಾಗೇ.

ಕಾಕಾ: ಇದೆಲ್ಲ ಹಾಡಿಗೆ ಏನು ಸಂಬಂಧ ಮಗಾ?

ನಾನು: ನೇರ ಸಂಬಂಧ ಇದೆ ಕಾಕಾ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಒಬ್ಬ ಗಾಯಕ ಹಾಡುತ್ತಿದ್ದಾನೆ ಅಂದುಕೊಳ್ಳಿ. ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ಮಂದ್ರ ಪಂಚಮ 98. ಮಂದ್ರ ಧೈವತ 110ರ ಆಸುಪಾಸು. ನಮ್ಮ ಹಾಲ್ 112ಕ್ಕೆ ಅನುರಣಿಸುತ್ತದೆ. ಅಂದರೆ ಆತ ಪಂಚಮದಿಂದ ಧೈವತಕ್ಕೆ ಏರಿದಾಗ ಧೈವತ ಮಾತ್ರ ದಪ್ಪಗಾಗಿ ಕೇಳಬಹುದು. ಗಾಯಕ ಒಂದೇ ತೂಕದಲ್ಲಿ ಹಾಡಿದ್ದರೂ ಕೋಣೆ ಒಂದು ಸ್ವರವನ್ನು ಎತ್ತಿ ಹಿಡಿಯುತ್ತದೆ.

ಈ 112ರ ತೊಂದರೆ ಯಾವ ಸ್ಪೀಕರ್ ತಂದರೂ ಇರುತ್ತದೆ. ಕುರ್ಚಿಯನ್ನು, ಸ್ಪೀಕರನ್ನು ಒಂದೆರಡು ಅಡಿ ಅತ್ತಿತ್ತ ಸರಿಸಿ ಅದನ್ನು ಕಡಿಮೆ ಮಾಡಬಹುದು. ಆದರೆ 40, 56ರ ತೊಂದರೆಯನ್ನು ದೊಡ್ಡ ಸ್ಪೀಕರ್ ಮತ್ತು ಸಬ್‌ವೂಫರ್ ತಂದು ನಾವೇ ಮೈಮೇಲೆ ಎಳೆದುಕೊಳ್ಳುತ್ತೇವೆ. ಖಯಾಲ್ ಗಾಯನದಲ್ಲಿ ಅಷ್ಟು ಕೆಳಗಿನ ಸದ್ದು ಇರುವುದೇ ಕಡಿಮೆ.

ಭಾವ: ಜಮಖಾನೆ, ಪರದೆ ಹಾಕಿದರೆ ಎಲ್ಲ ಸರಿಹೋಗುವುದಿಲ್ಲವೇ? ನಮ್ಮ ಹತ್ತಿರ ನವಲಗುಂದದ ಜಮಖಾನೆ ಸುಮ್ನೆ ಮಡಚಿಟ್ಟಿದೆ.

ನಾನು: ಅದನ್ನು ಖಂಡಿತ ಕೊಡಿ ಭಾವ. ಕಲ್ಲಿನ ನೆಲದಿಂದ ಪುಟಿಯುವ ಚೂಪು ಸದ್ದು ಅದರಿಂದ ಸ್ವಲ್ಪ ತಗ್ಗುತ್ತದೆ. ಕೆಳಗೆ ಒಂದು ದಪ್ಪ ಹಾಸು ಇದ್ದರೆ ಇನ್ನೂ ಒಳ್ಳೆಯದು. ಆದರೆ ಬಟ್ಟೆ ಬೇಸ್ ಅನ್ನು ಹೀರುವುದಿಲ್ಲ. ಕೆಳಗಿನ ಸ್ವರದ ಅಲೆ ಮೀಟರ್‌ಗಟ್ಟಲೆ ಉದ್ದ ಇರುತ್ತದೆ, ಜಮಖಾನೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅಪ್ಪನ ಪುಸ್ತಕದ ಕಪಾಟು ಇದೆಯಲ್ಲ, ಅದನ್ನು ಕುರ್ಚಿಯ ಹಿಂದಿನ ಗೋಡೆಗೆ ತಂದರೆ ಸದ್ದು ಚದುರುತ್ತದೆ. ಅದಕ್ಕೆ ಖರ್ಚೂ ಇಲ್ಲ.

ಅಣ್ಣ: ಒಂದು ಮಾತು ಹೇಳಲೇ? ಅಪ್ಪ ಜೀವನವೆಲ್ಲ ಒಂದು ಬಿಪಿಎಲ್ ಸ್ಯಾನ್ಯೋ ಟೇಪ್ ರೆಕಾರ್ಡರ್‌ನಲ್ಲಿ ಕೇಳಿದರು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟುವ ವರ್ಷ ಅಜ್ಜನ ಕಾಲದ ರೇಡಿಯೊಗ್ರಾಮ್ ಮಾರಿದರು. ನನಗೆ ಅದು ಇನ್ನೂ ಮನಸ್ಸಿನಲ್ಲಿದೆ. ಈಗ ಕೊಡುವ ಕಾಲ ಬಂದಾಗ ಚಿಕ್ಕ ಡಬ್ಬ ಸಾಕು ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ದುಡ್ಡು ಇದೆ. ದೊಡ್ಡದೇ ಇರಲಿ.

ವೈನಿ: ಅವರು ಈ ವಿಷಯ ಹೇಳುತ್ತಲೇ ಇರುತ್ತಾರೆ. ಕೊಟೇಶನ್ ಹಿಂದೆ ಅದೇ ಇದೆ.

ನಾನು: ಅಣ್ಣಾ, ರೇಡಿಯೊಗ್ರಾಮ್ ಹೋದ ದಿನ ನನಗೂ ನೆನಪಿದೆ. ಅದಕ್ಕೇ ಇಷ್ಟು ಹಟ ಹಿಡಿದಿದ್ದೇನೆ. ನಿನ್ನ ದುಡ್ಡು ಅಪ್ಪನ ಕಿವಿಗೆ ತಲುಪಬೇಕು. ಚಿಕ್ಕ ಡಬ್ಬ ಅಂದರೆ ಕಡಿಮೆ ದರ್ಜೆ ಅಂತ ತಿಳಿಯಬೇಡ. ಇದಕ್ಕೆ ಒಂದು ಚರಿತ್ರೆಯೇ ಇದೆ, ಓದು.

1970ರ ದಶಕದಲ್ಲಿ ಬಿಬಿಸಿ ಇಂಜಿನಿಯರುಗಳಿಗೆ ಹೊರಾಂಗಣ ಪ್ರಸಾರದ ವ್ಯಾನ್ ಒಳಗೆ ಇಡಲು ಒಂದು ಸ್ಪೀಕರ್ ಬೇಕಾಯಿತು. ವ್ಯಾನ್‌ನಲ್ಲಿ ಜಾಗ ಇಲ್ಲ. ಕೇಳಬೇಕಾದದ್ದು ಮುಖ್ಯವಾಗಿ ಮನುಷ್ಯರ ಮಾತು. ಅವರು ಮಾಡಿದ್ದು ಎಲ್‌ಎಸ್‌3/5ಎ ಅನ್ನುವ ಡಬ್ಬ. ಎತ್ತರ ಒಂದು ಅಡಿ, ಒಳಗಿನ ಜಾಗ ಸುಮಾರು 5 ಲೀಟರ್. ಮಾತು ಮಾತಿನಂತೆ ಕೇಳಬೇಕು ಅನ್ನುವ ಒಂದೇ ಗುರಿ ಇಟ್ಟುಕೊಂಡು ಮಾಡಿದ ಆ ಡಬ್ಬವನ್ನು ಜನ ಮನೆಗೆ ತಂದುಕೊಂಡರು, ಈಗಲೂ ಹುಡುಕಿ ಕೊಳ್ಳುತ್ತಾರೆ. ಅದರೊಳಗೆ ಕೆಳಗಿನ ಸದ್ದು ಹೊರಡಿಸುವ ವೂಫರ್, ಮೇಲಿನ ಸದ್ದಿನ ಟ್ವೀಟರ್ ಎರಡನ್ನೂ ಕೊಟ್ಟದ್ದು ಕೆಇಎಫ್. 1961ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಶುರುವಾದ ಕಂಪನಿ. ಅದೇ ಕಂಪನಿ ತನ್ನ 50 ವರ್ಷದ ನೆನಪಿಗೆ ಆ ಹಳೆಯ ಸ್ಪೀಕರನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್‌ಎಸ್‌50 ಮಾಡಿತು. 2020ರಲ್ಲಿ ಅದನ್ನು ಸುಧಾರಿಸಿ ಎಲ್‌ಎಸ್‌50 ಮೆಟಾ ತಂದರು.

ಇನ್ನೊಂದು ಕಂಪನಿ ಹಾರ್ಬೆತ್. ಬಿಬಿಸಿಯಲ್ಲೇ ಕೆಲಸ ಮಾಡಿದ ಡಡ್ಲಿ ಹಾರ್ವುಡ್ 1977ರಲ್ಲಿ ಶುರು ಮಾಡಿದ್ದು. ಅವರ ಚಿಕ್ಕ ಮಾಡೆಲ್ ಪಿ3ಇಎಸ್‌ಆರ್, ಅದೇ ಹಳೆಯ ಡಬ್ಬದ ಗಾತ್ರದ್ದು. ಈ ಎರಡೂ ಅಗ್ಗದವಲ್ಲ ಅಣ್ಣಾ. ಜೋಡಿಗೆ ಲಕ್ಷ ದಾಟುತ್ತದೆ.

ಕಾಕಾ: ಮಾತು ಮಾತಿನಂತೆ ಕೇಳಬೇಕು ಅನ್ನುವುದು ನನಗೆ ಹಿಡಿಸಿತು.

ತಮ್ಮ: ಅಕ್ಕಾ, ನಾನು ರಿವ್ಯೂ ಓದಿದೆ. ಎಲ್‌ಎಸ್‌50 ಮೆಟಾದ ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಜೋರು ಅನ್ನುವುದು) 85 ಡೆಸಿಬೆಲ್, ಹಾರ್ಬೆತ್‌ನದು 83ರ ಸುತ್ತ. ಎರಡೂ ಕಡಿಮೆ. ಅಣ್ಣನ ಕೊಟೇಶನ್‌ನ ಸ್ಪೀಕರ್ 90. ಜೋರಾಗಿ ಕೇಳಿಸಲು ನಿನ್ನವಕ್ಕೆ ಜಾಸ್ತಿ ಪವರ್ ಬೇಕು.

ನಾನು: ನೀನು ಹೇಳಿದ್ದು ಸರಿ. 3 ಡೆಸಿಬೆಲ್ ಹೆಚ್ಚಿಸಲು ಎರಡರಷ್ಟು ವಾಟ್ ಬೇಕು. ದೊಡ್ಡ ಹಾಲ್‌ನಲ್ಲಿ, ಜೋರಾಗಿ ಕೇಳುವವರಿಗೆ ಇದು ದೊಡ್ಡ ಪ್ರಶ್ನೆ. ಆದರೆ ಅಪ್ಪ ಕೂರುವುದು ಎಂಟು ಅಡಿ ದೂರದಲ್ಲಿ. ಅಲ್ಲಿಗೆ ಒಂದೇ ಒಂದು ವಾಟ್‌ನಲ್ಲಿ ಮಾತಿಗಿಂತ ಸಾಕಷ್ಟು ಜೋರಾಗಿ ಕೇಳುತ್ತದೆ. ಸಾಮಾನ್ಯವಾಗಿ ಕೇಳುವಾಗ ಒಂದು ವಾಟ್ ಕೂಡ ಖರ್ಚಾಗುವುದಿಲ್ಲ. ತಬಲಾ ಪೆಟ್ಟು ಬಿದ್ದಾಗ ಕ್ಷಣಕಾಲ ಹೆಚ್ಚು ಬೇಕಾಗುತ್ತದೆ, ಅದಕ್ಕೆ 50–60 ವಾಟ್‌ನ ಒಳ್ಳೆಯ ಸ್ಟೀರಿಯೊ ಆಂಪ್ಲಿಫೈಯರ್ ಧಾರಾಳ. ಎಲ್‌ಎಸ್‌50 ಮೆಟಾಕ್ಕೆ ಕಂಪನಿಯವರೇ 40ರಿಂದ 100 ವಾಟ್ ಅಂತ ಹೇಳುತ್ತಾರೆ.

ಭಾವ: ನಮ್ಮ ಹಳೆಯ ಸಿಸ್ಟಮ್ ಮೇಲೆ 3000 ವಾಟ್ ಪಿಎಂಪಿಒ ಅಂತ ಚೀಟಿ ಇತ್ತು!

ನಾನು: ಆ ಚೀಟಿಗೆ ಬೆಲೆ ಇಲ್ಲ ಭಾವ. ಪಿಎಂಪಿಒಗೆ ಒಂದು ನಿಶ್ಚಿತ ಅಳತೆಯೇ ಇಲ್ಲ, ತಯಾರಕರು ಬೇಕಾದಂತೆ ಬರೆದುಕೊಳ್ಳುತ್ತಿದ್ದರು. ಆರ್‌ಎಂಎಸ್ ವಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಪವರ್, ನೋಡಬೇಕು. ಎಷ್ಟು ಓಮ್‌ಗೆ (ಸ್ಪೀಕರ್‌ನ ತಡೆಗೆ) ಅಂತಲೂ ನೋಡಬೇಕು.

ನಾನು: ತಮ್ಮಾ, ಆಂಪ್ಲಿಫೈಯರ್ ಅಲ್ಲಿಂದ ತರಬೇಡ. ಅಲ್ಲಿ 120 ವೋಲ್ಟ್, ಇಲ್ಲಿ 230.

ತಮ್ಮ: ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತು.

ನಾನು: ಹಾಕಬಹುದು. ಆದರೆ ಅದೇ ಒಂದು ಗುಂಯ್‌ಗುಡುವ ಭಾರದ ಪೆಟ್ಟಿಗೆ. ಒಂದು ದಿನ ಯಾರಾದರೂ ನೇರ ಪ್ಲಗ್‌ಗೆ ಚುಚ್ಚಿದರೆ ಆಂಪ್ಲಿಫೈಯರ್ ಸುಟ್ಟಿತು. ಇಲ್ಲಿ ವಾರಂಟಿಯೂ ಸಿಗುವುದಿಲ್ಲ. ಕೆಟ್ಟರೆ 75ರ ಮನುಷ್ಯ ಯಾರ ಹಿಂದೆ ತಿರುಗಬೇಕು?

ಅಕ್ಕ: ಹೌದು, ಕೊನೆಗೆ ಓಡಾಡುವವಳು ನಾನೇ. ಇಲ್ಲೇ ತಗೊಳ್ಳಿ.

ಕಾಕಾ: ಕೊಟೇಶನ್‌ನಲ್ಲಿ ಕೇಬಲ್‌ಗೆ 32 ಸಾವಿರ ಇದೆ. ಅದನ್ನಂತೂ ಬಿಡಬೇಡಿ. ಶುದ್ಧ ತಾಮ್ರದ ಕೇಬಲ್ ಹಾಕಿದರೆ ತಂಬೂರಿಯ ನಾದವೇ ಬೇರೆ ಆಗುತ್ತದೆ ಅಂತ ನನ್ನ ಸ್ನೇಹಿತರು ಹೇಳುತ್ತಾರೆ.

ನಾನು: ಕಾಕಾ, ನಿಮ್ಮ ಕಿವಿಯ ಮೇಲೆ ನನಗೆ ಬಹಳ ಗೌರವ ಇದೆ. ಆದರೂ ಈ 32 ಸಾವಿರಕ್ಕೆ ನಾನು ಒಪ್ಪುವುದಿಲ್ಲ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ 5 ಮೀಟರ್ ಹೋಗಿ ಬಂದರೆ ಅದರ ತಡೆ 0.07 ಓಮ್. ಕೆಇಎಫ್ ಸ್ಪೀಕರ್‌ನದು 8 ಓಮ್, ಕೆಲವು ಕಡೆ ಮೂರೂವರೆಗೆ ಇಳಿಯುತ್ತದೆ. ಅದರ ಮುಂದೆ 0.07 ಏನೂ ಅಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಒಳ್ಳೆಯ ವೈರ್ ಸಾಕು. ಆ ದುಡ್ಡಿಗೆ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಬರುತ್ತದೆ. ಟ್ವೀಟರ್ ಕಿವಿಯ ಮಟ್ಟಕ್ಕೆ ಏರುತ್ತದೆ. ಆ ವ್ಯತ್ಯಾಸ ಯಾರಿಗಾದರೂ ಕೇಳುತ್ತದೆ.

ಕಾಕಾ: ನಾನು ಕಿವಿಯಾರೆ ಕೇಳಿದ್ದೇನೆ ಮಗಳೇ. ಲೆಕ್ಕದಲ್ಲಿ ಎಲ್ಲ ಬರುವುದಿಲ್ಲ.

ನಾನು: ಹಾಗಾದರೆ ಕಣ್ಣು ಮುಚ್ಚಿ ಎರಡನ್ನೂ ಕೇಳೋಣ ಕಾಕಾ. ಯಾವುದು ಯಾವಾಗ ಹಾಕಿದ್ದು ಅಂತ ನಮಗಿಬ್ಬರಿಗೂ ಗೊತ್ತಿರಬಾರದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿದ್ದ, ಆಮೇಲೆ ಹರ್ಮನ್ ಅನ್ನುವ ಆಡಿಯೊ ಕಂಪನಿಗೆ ಹೋದ ಫ್ಲಾಯ್ಡ್ ಟೂಲ್ ಅನ್ನುವವರು ಸ್ಪೀಕರ್‌ಗಳನ್ನು ಪರದೆಯ ಹಿಂದೆ ಇಟ್ಟು ವರ್ಷಗಟ್ಟಲೆ ಹೀಗೆ ಪರೀಕ್ಷೆ ಮಾಡಿದ್ದಾರೆ. ಕಣ್ಣಿಗೆ ಕಂಡಾಗ ಜನ ಕೊಡುವ ಅಂಕವೇ ಬೇರೆ, ಕಾಣದಿದ್ದಾಗ ಕೊಡುವ ಅಂಕವೇ ಬೇರೆ. ಅನುಭವಸ್ಥ ಕಿವಿಗಳಿಗೂ ಹಾಗೇ ಆಯಿತು.

ಕಾಕಾ: ಕೇಳೋಣ. ನಾನು ಸಿದ್ಧ.

ವೈನಿ: ನನ್ನದು ಒಂದು ಪ್ರಶ್ನೆ. ರಜೆಗೆ ಮಕ್ಕಳು ಬಂದರೆ ಸ್ಪೀಕರ್‌ಗೆ ಬೆರಳು ಹಾಕುತ್ತವೆ. ಧಾರವಾಡದ ಕೆಂಪು ಧೂಳು ಬೇರೆ. ಮುಂದೆ ಜಾಲರಿ ಇಲ್ಲದ್ದು ಎಷ್ಟು ದಿನ ಬಾಳುತ್ತದೆ?

ನಾನು: ವೈನಿ, ಇದು ನಿಜಕ್ಕೂ ಮುಖ್ಯ. ಎಲ್‌ಎಸ್‌50 ಮೆಟಾದಲ್ಲಿ ಟ್ವೀಟರ್ ವೂಫರ್‌ನ ನಟ್ಟನಡುವೆ ಇರುತ್ತದೆ, ಮುಂದೆ ಜಾಲರಿ ಇಲ್ಲ, ಬೇರೆಯಾಗಿ ಕೊಳ್ಳಬೇಕು. ಹಾರ್ಬೆತ್ ಅನ್ನು ಜಾಲರಿ ಹಾಕಿಕೊಂಡೇ ಕೇಳಬೇಕು ಅಂತ ಮಾಡಿದ್ದಾರೆ. ಜೊತೆಗೆ ಅದು ಪೂರ್ತಿ ಮುಚ್ಚಿದ ಡಬ್ಬ, ಹಿಂದೆ ಗಾಳಿಯ ತೂತು ಇಲ್ಲ. ಗೋಡೆಗೆ ಸ್ವಲ್ಪ ಹತ್ತಿರ ಇಟ್ಟರೂ ಸಹಿಸುತ್ತದೆ. ಕೆಇಎಫ್‌ನ ಹಿಂದೆ ತೂತು ಇದೆ, ಮುಚ್ಚಲು ಸ್ಪಂಜಿನ ಬಿರಡೆ ಕೊಡುತ್ತಾರೆ. ಸ್ಟ್ಯಾಂಡ್ ಉರುಳದ ಹಾಗೆ ಕಂಬದೊಳಗೆ ಒಣ ಮರಳು ತುಂಬಬೇಕು, ಅಂಥ ಸ್ಟ್ಯಾಂಡೇ ತಗೊಳ್ಳೋಣ.

ಅಣ್ಣ: ಮತ್ತೆ ಸಿನಿಮಾ? ದೀಪಾವಳಿಗೆ ಎಲ್ಲ ಸೇರಿದಾಗ ಮೊಮ್ಮಕ್ಕಳು ಟಿವಿ ನೋಡುತ್ತಾರಲ್ಲ.

ನಾನು: ಟಿವಿಯಿಂದ ಆಪ್ಟಿಕಲ್ ವೈರ್ ತೆಗೆದುಕೊಳ್ಳುವ ಆಂಪ್ಲಿಫೈಯರ್ ತಂದರೆ ಸಿನಿಮಾ ಇದೇ ಎರಡು ಸ್ಪೀಕರ್‌ನಲ್ಲಿ ಬರುತ್ತದೆ. ಯಮಾಹಾದ ಎ-ಎಸ್501ರಲ್ಲಿ ಅದಿದೆ, ಚಾನೆಲ್‌ಗೆ 85 ವಾಟ್. ವರ್ಷಕ್ಕೆ ನಾಲ್ಕು ದಿನದ ಸಿನಿಮಾಕ್ಕಾಗಿ ಉಳಿದ ದಿನಗಳ ಹಾಡು ಕೆಡಿಸುವುದು ಬೇಡ.

ಅವ್ವ (ಧ್ವನಿ ಸಂದೇಶ, ಅಕ್ಕ ಟೈಪ್ ಮಾಡಿದ್ದು): ನೀವೆಲ್ಲ ಇಷ್ಟು ಬರೆದಿರಿ. ಅವರು ಯಾವಾಗ ಕೇಳುತ್ತಾರೆ ಅಂತ ಯಾರೂ ನನ್ನನ್ನು ಕೇಳಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಸಣ್ಣಗೆ ಹಚ್ಚುತ್ತಾರೆ. ನಾನು ಎದ್ದೇನು ಅಂತ ಸಣ್ಣಗೆ. ಆಮೇಲೆ ಸಾಹಿತ್ಯ ತಿಳಿಯುತ್ತಿಲ್ಲ ಅಂತ ಕಿವಿ ಹತ್ತಿರ ಒಯ್ಯುತ್ತಾರೆ. ಹಾಡು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ ಅನ್ನುತ್ತಾರೆ. ಅದಕ್ಕೇನಾದರೂ ಆದರೆ ನೋಡಿ.

ನಾನು: ಅವ್ವಾ, ಇದು ಮೊದಲೇ ಗೊತ್ತಿದ್ದರೆ ಅರ್ಧ ವಾದವೇ ಬೇಕಿರಲಿಲ್ಲ.

ಎಲ್ಲರೂ ಇದನ್ನು ಓದಿ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಮೇಲಿನ ಸ್ವರ. ಎಳೆಯ ಕಿವಿಗೇ 20 ಕಿಲೋಹರ್ಟ್ಸ್ ಕೊನೆ. 40 ಕಿಲೋಹರ್ಟ್ಸ್ ಅನ್ನುವ ಕೊಟೇಶನ್‌ನ ಮಾತು ಅಪ್ಪನಿಗಿರಲಿ, ನಮ್ಮ ಮಕ್ಕಳಿಗೂ ಉಪಯೋಗವಿಲ್ಲ. ಸ, ಶ, ತ, ಕ ಇಂಥ ವ್ಯಂಜನಗಳು ಬಿಡಿಬಿಡಿಯಾಗಿ ಕೇಳುವುದು 2ರಿಂದ 4 ಕಿಲೋಹರ್ಟ್ಸ್ ಮತ್ತು ಅದರ ಮೇಲಿನ ಭಾಗದಿಂದ. ಅಲ್ಲಿ ಸ್ಪೀಕರ್ ಸ್ವಚ್ಛವಾಗಿರಬೇಕು. ಕೆಳಗಿನ ಬೇಸ್ ಉಬ್ಬಿದರೆ ಆ ಅಕ್ಷರಗಳೇ ಮುಚ್ಚಿಹೋಗುತ್ತವೆ. ದೊಡ್ಡ ಸೆಟ್ ಆ ಹಾಲ್‌ನಲ್ಲಿ ಮಾಡುವುದು ಅದನ್ನೇ.

ಸಣ್ಣಗೆ ಕೇಳುವಾಗ ಇನ್ನೊಂದು ವಿಷಯ ಇದೆ. ಸದ್ದು ತಗ್ಗಿಸಿದಾಗ ನಮ್ಮ ಕಿವಿಗೆ ಬೇಸ್ ಬಹಳ ಬೇಗ ಕರಗುತ್ತದೆ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಅದಕ್ಕೇ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಲೌಡ್‌ನೆಸ್ ಅನ್ನುವ ಬಟನ್ ಇರುತ್ತಿತ್ತು. ಆಗ ಹೇಳಿದ ಯಮಾಹಾದಲ್ಲಿ ಅದು ತಿರುಗಿಸುವ ನಾಬ್ ಆಗಿ ಇದೆ. ಬೆಳಗಿನ ಜಾವ ಸಣ್ಣಗೆ ಹಚ್ಚಿ ಅದನ್ನು ಸ್ವಲ್ಪ ತಿರುಗಿಸಿದರೆ ತಂಬೂರಿಯ ಖರ್ಜ (ಕೆಳಗಿನ ಷಡ್ಜ) ವಾಪಸ್ ಬರುತ್ತದೆ, ಅವ್ವ ಎಚ್ಚರಾಗುವುದಿಲ್ಲ.

ಭಾವ: ಈಗ ನನಗೆ ಅರ್ಥವಾಯಿತು. 150 ವಾಟ್‌ಗೆ ಇಲ್ಲಿ ಕೆಲಸ ಇಲ್ಲ.

ಅಕ್ಕ: ಕಿವಿ ಡಾಕ್ಟರಿಗೂ ಒಮ್ಮೆ ತೋರಿಸೋಣ. ಸ್ಪೀಕರ್ ತಂದಿದ್ದೇವೆ ಅಂತ ಅದನ್ನು ಬಿಡುವುದು ಬೇಡ.

ನಾನು: ಹೌದು ಅಕ್ಕಾ, ಅದು ಮೊದಲು.

ಅಣ್ಣ: ಅವ್ವಾ, ಅಪ್ಪ ಕಿವಿ ಹತ್ತಿರ ಒಯ್ಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಫೋನ್‌ನಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ.

ಅಣ್ಣ: ಸರಿ ತಂಗಿ. ಈ ಕೊಟೇಶನ್ ಬಿಡುತ್ತೇನೆ. ಎರಡರಲ್ಲಿ ಯಾವುದು?

ನಾನು: ಅದನ್ನು ಇಲ್ಲಿ ಕೂತು ಹೇಳಬಾರದು ಅಣ್ಣಾ. ಅಂಗಡಿಯಲ್ಲಿ ಕೇಳಿಯೂ ನಿರ್ಧರಿಸಬಾರದು. ಅಲ್ಲಿ ದಪ್ಪ ಕಾರ್ಪೆಟ್, ಗೋಡೆಗೆ ಪ್ಯಾನೆಲ್ ಇರುತ್ತದೆ, ಅವರೇ ಆರಿಸಿದ ಹಾಡು ಹಾಕುತ್ತಾರೆ. ಡಿಪಾಸಿಟ್ ಇಟ್ಟುಕೊಂಡು ಎರಡೂ ಜೋಡಿಯನ್ನು ಮನೆಗೆ ಕಳಿಸುತ್ತಾರಾ ಕೇಳು. ಒಪ್ಪದಿದ್ದರೆ ಬೇರೆ ಅಂಗಡಿ ನೋಡೋಣ.

ಕೇಳುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಬೇಕು. ಒಂದು ಡೆಸಿಬೆಲ್ ಜೋರಿದ್ದರೂ ಅದೇ ಚೆನ್ನ ಅನಿಸಿಬಿಡುತ್ತದೆ. ಫೋನ್‌ನ ಡೆಸಿಬೆಲ್ ಆ್ಯಪ್ ಇಷ್ಟಕ್ಕೆ ಸಾಕು. ಮೊದಲು ಮನ್ಸೂರರ ಹಳೆಯ ಮೋನೊ (ಒಂದೇ ಚಾನೆಲ್‌ನ) ರೆಕಾರ್ಡಿಂಗ್ ಹಾಕಬೇಕು. ಧ್ವನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಒಂದೇ ಕಡೆ ನಿಲ್ಲಬೇಕು. ಹರಡಿದರೆ ಜೋಡಿ ಸರಿ ಇಲ್ಲ, ಇಲ್ಲವೇ ಇಟ್ಟ ಜಾಗ ಸರಿ ಇಲ್ಲ. ಆಮೇಲೆ ಬರೀ ತಂಬೂರಿ. ತಂತಿ ಕುದುರೆಗೆ ತಾಗಿ ಏಳುವ ಜವಾರಿಯ ಝೇಂಕಾರ ಚುಚ್ಚಬಾರದು, ಮಂಕೂ ಆಗಬಾರದು. ಆಮೇಲೆ ಗಂಗೂಬಾಯಿಯವರ ಆ ಭಾರದ ಧ್ವನಿ. ಅದು ಹೆಣ್ಣಿನ ಧ್ವನಿಯಾಗಿಯೇ ಉಳಿದು ತೂಕವೂ ಬರಬೇಕು, ಇದು ಕಷ್ಟದ ಪರೀಕ್ಷೆ. ಕೊನೆಗೆ ಭೀಮಸೇನರ ದಾಸರ ಪದ, ಬೆಳಿಗ್ಗೆ ಐದರ ಸದ್ದಿನಲ್ಲಿ. ಅಪ್ಪನಿಗೆ ಅಕ್ಷರ ಯಾವುದರಲ್ಲಿ ತಿಳಿಯುತ್ತದೋ ಅದು.

ಅಣ್ಣ: ಅಪ್ಪನನ್ನೇ ಕೂರಿಸುವುದಾ? ಸರ್ಪ್ರೈಸ್ ಹೋಗಿಬಿಡುತ್ತದೆ.

ನಾನು: ಹೋಗಲಿ ಅಣ್ಣಾ. ಕೇಳುವವರು ಅವರು. ನಮ್ಮ ಕಿವಿಯಲ್ಲಿ ಆರಿಸಿದರೆ ನಮಗೆ ತಂದಂತಾಗುತ್ತದೆ.

ವೈನಿ: ನನಗೂ ಹಾಗೇ ಅನಿಸುತ್ತದೆ.

ಅವ್ವ (ಧ್ವನಿ ಸಂದೇಶ, ಅಕ್ಕ ಟೈಪ್ ಮಾಡಿದ್ದು): ಅವರನ್ನೇ ಕೂರಿಸಿ. ಯಾರಿಗೋ ಕೇಳಿಸಿ ಯಾರೋ ಆರಿಸುವುದು ಏನು?

ಅಣ್ಣ: ಆಯಿತು ಅವ್ವಾ.

ಅಣ್ಣ: ಅಂಗಡಿಯವರಿಗೆ ಫೋನ್ ಮಾಡಿದೆ. ಒಂದು ಜೋಡಿ ಕೆಇಎಫ್ ಹುಬ್ಬಳ್ಳಿಗೆ ಕಳಿಸಲು ಒಪ್ಪಿದರು. ಹಾರ್ಬೆತ್ ಅವರ ಹತ್ತಿರ ಇಲ್ಲ, ಬೇರೆಯವರನ್ನು ವಿಚಾರಿಸುತ್ತಿದ್ದೇನೆ. ಸ್ಪೀಕರ್, ಆಂಪ್ಲಿಫೈಯರ್, ಸ್ಟ್ಯಾಂಡ್ ಸೇರಿ ಯಾವುದು ಆದರೂ ಮೂರರಿಂದ ಮೂರೂವರೆ ಲಕ್ಷದೊಳಗೆ ಆಗುತ್ತದೆ. ಉಳಿದದ್ದು ಅಪ್ಪನ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿಸಲು ಇಡೋಣ. ಟೇಪ್ ಹಾಳಾಗುವ ಮೊದಲು ಅದೂ ಆಗಬೇಕು.

ತಮ್ಮ: ಆ ಕೆಲಸದ ಖರ್ಚು ಪೂರ್ತಿ ನನ್ನದು.

ಕಾಕಾ: ಕ್ಯಾಸೆಟ್‌ಗಳ ಪಟ್ಟಿ ನನ್ನ ಹತ್ತಿರ ಇದೆ. ಕೆಲವು ನಾನೇ ಧ್ವನಿಮುದ್ರಿಸಿಕೊಟ್ಟದ್ದು. ಕೇಬಲ್ ಪರೀಕ್ಷೆಯನ್ನೂ ಅವತ್ತೇ ಇಟ್ಟುಕೊಳ್ಳೋಣ, ಸ್ನೇಹಿತರಿಂದ ಕೇಬಲ್ ತರುತ್ತೇನೆ.

ನಾನು: ತನ್ನಿ ಕಾಕಾ. ನಾನು ಎಸ್.ಪಿ. ರೋಡ್ ವೈರ್ ತರುತ್ತೇನೆ.

ಅಕ್ಕ: ಸ್ಪೀಕರ್ ಬಂದ ಮೇಲೆ ಭಾನುವಾರ ನೋಡಿ ಇಡಿ. ಅವತ್ತು ಕರೆಂಟ್ ಹೋಗುವುದು ಕಡಿಮೆ. ಕಪಾಟು ಸರಿಸಲು ಇಬ್ಬರು ಬೇಕು, ನಿಮ್ಮ ಭಾವ ಮತ್ತು ನನ್ನ ಮಗ ಹಿಂದಿನ ದಿನ ಸಂಜೆಯೇ ಬರುತ್ತಾರೆ. ಜಮಖಾನೆ ಬಿಸಿಲಿಗೆ ಹಾಕಿದ್ದೇನೆ.